ಟವೆಲಿನ ಕೆಳಗಿನ ಕೈ

ಪೊಲೀಸರ ಕೈಗೆ ಸಿಕ್ಕಿಬೀಳಬಾರದು ಎಂದು ಎಲ್ಲರೂ ಹೇಳುತ್ತಾರೆ. ಆ ಕೈ ಹೇಗಿರುತ್ತದೆ, ಬೆಚ್ಚಗಿರುತ್ತದೆಯೋ ತಣ್ಣಗಿರುತ್ತದೆಯೋ ಎಂದು ಇದುವರೆಗೆ ಒಬ್ಬರೂ ಕೇಳಿದ್ದಿಲ್ಲ. ಕೇಳಿದರೆ ನಾನು ಹೇಳಬಲ್ಲೆ. ನಾನು ಹೆಡ್ ಕಾನ್‌ಸ್ಟೇಬಲ್, ಊರವರ ಬಾಯಲ್ಲಿ ದಫೇದಾರ್ರು. ನನ್ನ ಕೈ ವಿಪರೀತ ಬೆವರುತ್ತದೆ. ಇದು ನನ್ನ ಅಭಿಪ್ರಾಯವಲ್ಲ, ನಾನು ಹಿಡಿದುಕೊಂಡು ಹೋದ ಆರೋಪಿಗಳೆಲ್ಲರ ಒಮ್ಮತದ ಅಭಿಪ್ರಾಯ. ಕೇಬಲ್ ಕದ್ದು ಸಿಕ್ಕಿಬಿದ್ದಿದ್ದವನೊಬ್ಬ ಅರ್ಧ ದಾರಿಯಲ್ಲಿ, "ಸಾ, ವಸಿ ಕೈ ಬದ್ಲಾಯ್ಸನ, ಜಾರ್ತಾ ಅದ" ಎಂದು ನನಗೇ ಎಚ್ಚರಿಕೆ ಕೊಟ್ಟಿದ್ದ. ಓಡಿಹೋಗಬೇಕಾದವನೇ ಹಿಡಿತ ಸಡಿಲವಾಗಿದೆ ಎಂದು ಹೇಳುವಂಥ ಪೊಲೀಸು ನಾನು.

ನನ್ನ ಔಟ್‌ಪೋಸ್ಟ್ ತೆರಕಣಾಂಬಿಯಿಂದ ಒಳಕ್ಕೆ ಹೋಗುವ ದಾರಿಯಲ್ಲಿದೆ. ಊರಿನ ಹೆಸರು ಬೇಡ, ಹೇಳಿದರೆ ನಾಳೆ ಇನ್‌ಸ್ಪೆಕ್ಟರು ಕರೆಸಿ ಇದೇನ್ರೀ ಬರೆದಿದ್ದೀರಿ ಎಂದು ಕೇಳುತ್ತಾರೆ. ಒಟ್ಟು ಎರಡು ಕೋಣೆ. ಮುಂದಿನದರಲ್ಲಿ ಒಂದು ಮೇಜು, ವೈರ್‌ಲೆಸ್ ಸೆಟ್ಟು ಮತ್ತು ನಾನು. ಹಿಂದಿನದರಲ್ಲಿ ಯಾವ ಕಾಲದಲ್ಲೋ ಜಪ್ತಿಯಾದ ಮೋಪೆಡ್ಡು, ಕಳೆದ ಚುನಾವಣೆಯ ಬ್ಯಾರಿಕೇಡುಗಳು ಮತ್ತು ನನ್ನ ಮಂಚ. ಲಾಕಪ್ಪು ಇಲ್ಲ. ಒಮ್ಮೆ ಶಾಲೆಯ ಮಕ್ಕಳನ್ನು ಮೇಷ್ಟ್ರು ಠಾಣೆ ತೋರಿಸಲು ಕರೆತಂದಿದ್ದರು. ಮಕ್ಕಳು ಒಕ್ಕೊರಲಿನಿಂದ "ಜೈಲೆಲ್ಲಿ, ಜೈಲೆಲ್ಲಿ" ಎಂದಾಗ ನಾನು ಮರ್ಯಾದೆ ಉಳಿಸಿಕೊಳ್ಳಲು ಮೋಪೆಡ್ಡನ್ನು ತೋರಿಸಿದೆ. ಒಂದು ಹುಡುಗಿ, "ಅದೇನ್ ತಪ್ಪು ಮಾಡಿತ್ತು ಸಾರ್?" ಎಂದು ಕೇಳಿದಳು. ಫೈಲು ನೋಡಿ ಹೇಳ್ತೀನಮ್ಮ ಎಂದೆ.

ಲಾಕಪ್ಪಿಲ್ಲದ ಮೇಲೆ ಹಿಡಿದವನನ್ನು ಏನು ಮಾಡುವುದು? ಬಸ್ಸು ಬರುವವರೆಗೆ ಬೆಂಚಿನ ಮೇಲೆ ಕೂರಿಸಿ ಇಡ್ಲಿ ತರಿಸಿಕೊಡುವುದು. ಬಸ್ಸು ಬಂದರೆ ಗುಂಡ್ಲುಪೇಟೆಗೆ ಕರೆದುಕೊಂಡು ಹೋಗಿ, ಆಸ್ಪತ್ರೆಯಲ್ಲಿ ಮೈಯೆಲ್ಲ ಸರಿಯಾಗಿದೆ ಎಂದು ಬರೆಸಿಕೊಂಡು, ಕೋರ್ಟಿಗೆ ಹಾಜರುಪಡಿಸುವುದು. ಜಡ್ಜ್ ಸಾಹೇಬರು ಒಳಗೆ ಹಾಕಿ ಎಂದರೆ ಮತ್ತೊಂದು ಬಸ್ಸು ಹತ್ತಿ ಚಾಮರಾಜನಗರದ ಜೈಲಿಗೆ. ಜೀಪಿದೆ, ಇಲ್ಲವೆಂದಲ್ಲ. ಅದು ದೊಡ್ಡ ಠಾಣೆಯದು. ನಾನು ಕೇಳಿದಾಗಲೆಲ್ಲ ಯಾವುದೋ ಬಂದೋಬಸ್ತಿಗೆ ಹೋಗಿರುತ್ತದೆ. ನನ್ನ ಜೊತೆಗೆ ಒಬ್ಬ ಕಾನ್‌ಸ್ಟೇಬಲ್ ಕೂಡ ಇದ್ದಾನೆ, ಹಾಜರಿ ಪುಸ್ತಕದಲ್ಲಿ. ಅವನೂ ಆ ಜೀಪಿನಲ್ಲೇ ಹೋಗಿರುತ್ತಾನೆ.

ಇನ್ನು ಕೋಳ. ಕೋಳ ತೊಡಿಸಬೇಕಾದರೆ ಕೋರ್ಟಿನ ಅಪ್ಪಣೆ ಬೇಕು, ಆ ಅಪ್ಪಣೆ ಕೇಳುವಷ್ಟು ದೊಡ್ಡ ಅಪರಾಧಿಗಳು ನಮ್ಮ ಹೋಬಳಿಯಲ್ಲಿ ಇನ್ನೂ ಹುಟ್ಟಿಲ್ಲ. ಆದ್ದರಿಂದ ಕೈಯೇ ಕೋಳ. ಬೆರಳಿಗೆ ಬೆರಳು ಹೆಣೆದು, ಹೆಬ್ಬೆರಳನ್ನು ಅವನ ಮಣಿಕಟ್ಟಿನ ಮೇಲೆ ಒತ್ತಿ ಹಿಡಿಯಬೇಕು. ಬಸ್ಸಿನಲ್ಲಿ ಕಿಟಕಿಯ ಕಡೆ ಅವನು, ಈಚೆ ಕಡೆ ನಾನು. ಹೆಣೆದ ಕೈಗಳ ಮೇಲೆ ನನ್ನ ಟವೆಲು. ಟವೆಲಿನ ವಿಷಯ ಯಾವ ಪೊಲೀಸ್ ಕೈಪಿಡಿಯಲ್ಲೂ ಇಲ್ಲ, ಅದು ನಾನೇ ಸೇರಿಸಿದ್ದು. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ಬಸ್ಸು ನಮ್ಮ ತೆರಕಣಾಂಬಿಯಲ್ಲೇ ನಿಲ್ಲುತ್ತದೆ. ಅಲ್ಲಿ ಆರೋಪಿಯ ಅತ್ತೆ, ಮಾವ, ದಾಯಾದಿಗಳು ಯಾರಾದರೂ ಹತ್ತದೆ ಇರುವುದಿಲ್ಲ. ಅವರೆದುರು ಮಾನ ಹೋಗುವುದು ಬೇಡ ಎಂದು ನಾನು ಖಾಕಿ ಪ್ಯಾಂಟಿನ ಮೇಲೆ ಬಣ್ಣದ ಅಂಗಿ ಹಾಕಿಕೊಳ್ಳುತ್ತೇನೆ. ಒಮ್ಮೆ ಟವೆಲು ಜಾರಿಬಿತ್ತು. ಪಕ್ಕದಲ್ಲಿ ನಿಂತಿದ್ದ ಅಜ್ಜಿಯೊಬ್ಬರು ನಮ್ಮ ಕೈಗಳನ್ನು ನೋಡಿ, "ಅಣ್ತಮ್ಮದೀರು ಈ ಕಾಲ್ದಲ್ಲೂ ಇಂಗೆ ಕೈ ಇಡ್ಕಂಡು ಕೂತವ್ರಲ್ಲಾ, ಯಾವ ತಾಯಿ ಎತ್ತವ್ಳೋ" ಎಂದು ಕಣ್ಣು ಒರೆಸಿಕೊಂಡರು. ಪಕ್ಕದಲ್ಲಿದ್ದವನು ಎರಡು ಕುರಿ ಕದ್ದವನು. ಇಬ್ಬರೂ ತಲೆ ತಗ್ಗಿಸಿದೆವು.

ಈ ವಿದ್ಯೆ ಮೈಗೂಡಿ ಒಂದು ತೊಂದರೆಯಾಗಿದೆ. ಮಗಳ ಕಾಲೇಜಿಗೆ ಅನುಕೂಲವೆಂದು ನನ್ನ ಹೆಂಡತಿ ಅವಳನ್ನು ಕರೆದುಕೊಂಡು ಮೈಸೂರಿನಲ್ಲಿ ಮನೆ ಮಾಡಿದ್ದಾಳೆ. ರಜೆ ಸಿಕ್ಕಿದರೆ ತಿಂಗಳಿಗೊಮ್ಮೆ ಹೋಗುತ್ತೇನೆ. ಅಲ್ಲಿ ತಾಯಿ ಮಗಳದೇ ಒಂದು ಕ್ರಮ ಬೆಳೆದುಬಿಟ್ಟಿದೆ. ಯಾವ ಲೋಟ ಯಾರದು, ಯಾರು ಮೊದಲು ಸ್ನಾನಕ್ಕೆ ಹೋಗಬೇಕು ಎಂಬುದೆಲ್ಲ ತೀರ್ಮಾನವಾಗಿದೆ. ನಾನು ಹೋದರೆ, "ನೀವು ಕಾಫಿ ಕುಡೀತೀರಾ?" ಎಂದು ಹೆಂಡತಿ ಕೇಳುತ್ತಾಳೆ. ಇಪ್ಪತ್ತು ವರ್ಷದಿಂದ ಕುಡಿಯುತ್ತಿದ್ದೇನೆ. ಕಳೆದ ಸಲ ಮಾರ್ಕೆಟ್ಟಿನ ಹತ್ತಿರ ರಸ್ತೆ ದಾಟುವಾಗ, ಎಷ್ಟೋ ಕಾಲದ ಮೇಲೆ ಹೆಂಡತಿಯ ಕೈ ಹಿಡಿಯೋಣ ಎನ್ನಿಸಿತು. ಹಿಡಿದೆ. ನಡುರಸ್ತೆಯಲ್ಲಿ ಅವಳು ನಿಂತೇಬಿಟ್ಟಳು. "ಬಿಡ್ರೀ, ಮಣಿಕಟ್ಟು ನೋಯ್ತಿದೆ. ನಾನೇನು ಓಡಿಹೋಗ್ತೀನಾ?" ಎಂದಳು. ನೋಡಿದರೆ ನನ್ನ ಹೆಬ್ಬೆರಳು ಕ್ರಮಪ್ರಕಾರ ಇರಬೇಕಾದ ಜಾಗದಲ್ಲೇ ಇತ್ತು. ಮಗಳು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಆಮೇಲೆ ಕೈ ಹಿಂದಕ್ಕೆ ಕಟ್ಟಿಕೊಂಡು ಇಬ್ಬರ ಹಿಂದೆ ನಡೆದೆ. ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ.

ಈಗ ಮಹದೇವನ ವಿಷಯಕ್ಕೆ ಬರುತ್ತೇನೆ, ಈ ಬರಹ ಶುರು ಮಾಡಿದ್ದೇ ಅವನಿಗಾಗಿ. ಮಹದೇವ ನನ್ನ ಖಾಯಂ ಗಿರಾಕಿ. ಐದಾರು ವರ್ಷಗಳ ಹಿಂದೆ ಹೊಲದ ಬದುವಿನ ಮೇಲಿನ ಒಂದು ಹುಣಸೆಮರಕ್ಕಾಗಿ ಭಾವಮೈದ ಸಿದ್ದರಾಜುವಿಗೆ ದೊಣ್ಣೆಯಲ್ಲಿ ಎರಡು ಬಾರಿಸಿದ್ದ. ಕೇಸಾಯಿತು. ಆರು ತಿಂಗಳಲ್ಲಿ ಭಾವ ಭಾವಮೈದ ಒಂದಾಗಿ ಅದೇ ಹುಣಸೆಮರದ ಕೆಳಗೆ ಕೂತು ಎಲೆಯಡಿಕೆ ಹಾಕಿದರು. ಜಗಳ ಸತ್ತರೂ ಕೇಸು ಬದುಕಿತ್ತು. ಮಹದೇವ ಗುಂಡ್ಲುಪೇಟೆಯಾಚೆಯ ಮದ್ದೂರು ಚೆಕ್‌ಪೋಸ್ಟ್ ದಾಟಿ ಕೇರಳದ ಕಡೆ ಶುಂಠಿ ಹೊಲದ ಕೆಲಸಕ್ಕೆ ಹೋಗುವವನು. ಕೋರ್ಟಿನ ತಾರೀಕು ಅವನಿಗೆ ನೆನಪಿರುತ್ತಿರಲಿಲ್ಲ. ಗೈರುಹಾಜರಾದರೆ ವಾರಂಟು, ವಾರಂಟು ಬಂದರೆ ನಾನು. ಬಾಗಿಲಲ್ಲಿ ನನ್ನನ್ನು ಕಂಡರೆ ಅವನ ಹೆಂಡತಿ ಒಳಗೆ ತಿರುಗಿ, "ಏಳಿ, ನಿಮ್ ದಫೇದಾರ್ರು ಬಂದವ್ರೆ" ಎನ್ನುತ್ತಿದ್ದಳು. ನಿಮ್ಮ ದಫೇದಾರ್ರು! ಮೈಸೂರಿನ ಮನೆಯಲ್ಲಿ ನನಗೆ ಅಷ್ಟು ಸಲಿಗೆಯ ಸ್ವಾಗತ ಸಿಕ್ಕಿದ್ದಿಲ್ಲ.

ಬಸ್ಸಿನಲ್ಲಿ ಕೂತ ಮೇಲೆ ಮಹದೇವ ತಾನೇ ಕೈ ಚಾಚುತ್ತಿದ್ದ. ಟವೆಲನ್ನು ಬಿಡಿಸಿ ಹೊದಿಸುತ್ತಿದ್ದವನೂ ಅವನೇ. "ಮಂಡಿ ನೋವು ಎಂಗದ ಸಾ?" ಎಂದು ಶುರು ಮಾಡುತ್ತಿದ್ದ. ಆಮೇಲೆ ಮಗಳ ಪರೀಕ್ಷೆ. ಅವಳು ಯಾವ ವಿಷಯದಲ್ಲಿ ಹಿಂದೆ ಎಂಬುದು ಅವನಿಗೆ ಗೊತ್ತಿತ್ತು. ವರ್ಗಾವಣೆಗೆ ಅರ್ಜಿ ಕೊಟ್ಟು ಕೊಟ್ಟು ನಾನು ಸೋತಿದ್ದನ್ನು ಹೆಂಡತಿಗಿಂತ ಮೊದಲು ಅವನಿಗೆ ಹೇಳಿದ್ದೆ. "ಕೇರಳದಲ್ಲಿ ನನ್ನ ಚೇಟಾ ಅಂತಾರೆ, ಇಲ್ಲಿ ನೀವು ಆರೋಪಿ ಅಂತೀರಿ. ಚೇಟಾ ಅಂದ್ರೆ ಅಣ್ಣ ಕಣ್ ಸಾ" ಎಂದು ನಗುತ್ತಿದ್ದ. ಅವನ ಅಂಗೈ ಒರಟು, ಎಷ್ಟು ತೊಳೆದರೂ ಶುಂಠಿಯ ವಾಸನೆ ಹೋಗುತ್ತಿರಲಿಲ್ಲ. ಚಾಮರಾಜನಗರದ ಜೈಲಿನ ಬಾಗಿಲಲ್ಲಿ ಅವನನ್ನು ಒಪ್ಪಿಸಿದರೆ, ಒಳಗಿನವರು ಮೈಮೇಲಿನ ಗುರುತುಗಳನ್ನು ಬರೆದುಕೊಂಡು ನನಗೊಂದು ಚೀಟಿ ಕೊಡುತ್ತಿದ್ದರು. ಒಬ್ಬ ಮನುಷ್ಯನನ್ನು ಕೊಟ್ಟು ಒಂದು ಚೀಟಿ ತೆಗೆದುಕೊಂಡು ವಾಪಸು ಬರುವುದು. ಬರುವಾಗ ಬಸ್ಸಿನಲ್ಲಿ ಅಭ್ಯಾಸಬಲದಿಂದ ಕಿಟಕಿಯ ಸೀಟು ಖಾಲಿ ಬಿಟ್ಟು ಕೂರುತ್ತಿದ್ದೆ. ಔಟ್‌ಪೋಸ್ಟಿಗೆ ಬಂದು ಟೀ ಕಾಯಿಸಿ ಲೋಟ ಬಾಯಿಗೆ ತಂದರೆ ಕೈಯಿಂದ ಶುಂಠಿ ಘಮ್ಮೆನ್ನುತ್ತಿತ್ತು. ಟೀಗೆ ಬೇರೆ ಹಾಕಬೇಕಾಗಿರಲಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಸುಲಭದ್ದು. ಇನ್ನೊಂದು ಮಾತಿದೆ. ಒಮ್ಮೆ ಕೋರ್ಟಿನ ವಾಯಿದೆಗೆ ಮುಂಚೆ ಮಹದೇವ ತನ್ನ ಫೋನ್ ನಂಬರು ಬರೆದುಕೊಟ್ಟು, "ಒಂದಿನ ಮುಂಚೆ ಗ್ಯಾಪ್ನ ಮಾಡ್ಬುಡಿ ಸಾ, ನಾನೇ ಬಂದ್ಬುಡ್ತೀನಿ, ನಿಮ್ಗೂ ಅಲ್ದಾಟ ತಪ್ತದ" ಎಂದಿದ್ದ. ಆ ಒಂದು ದಿನ ಮುಂಚೆ ನಾನು ಫೋನು ಕೈಯಲ್ಲಿ ಹಿಡಿದುಕೊಂಡು ಮೋಪೆಡ್ಡಿನ ಪಕ್ಕದ ಮಂಚದ ಮೇಲೆ ಕೂತಿದ್ದೆ. ನೆನಪಿಸಿದರೆ ಅವನು ತಾನಾಗಿ ಬರುತ್ತಾನೆ, ತಾನಾಗಿ ಹೋಗುತ್ತಾನೆ. ವಾರಂಟಿಲ್ಲ, ಬಸ್ಸಿಲ್ಲ, ಮಂಡಿ ನೋವು ಹೇಗಿದೆ ಎಂದು ಕೇಳುವವರಿಲ್ಲ. ಇಡೀ ವಾರ ನಾನು ವೈರ್‌ಲೆಸ್ ಸೆಟ್ಟಿಗೆ ಬಿಟ್ಟರೆ ಬೇರೆ ಯಾರಿಗೂ ಉತ್ತರ ಕೊಟ್ಟಿರಲಿಲ್ಲ. ನಾನು ಫೋನು ಮಾಡಲಿಲ್ಲ. ಅವನು ಗೈರುಹಾಜರಾದ, ವಾರಂಟು ಬಂತು, ನಾನು ಹೋದೆ. ಮರೆತೆ ಎಂದು ಅವನಿಗೆ ಹೇಳಿದೆ, ಆದರೆ ಮರೆತಿರಲಿಲ್ಲ. ಒಂದೆರಡು ದಿನದಲ್ಲಿ ಬಿಡುತ್ತಿದ್ದ ಜಡ್ಜ್ ಸಾಹೇಬರು ಈ ಸಲ ಸಿಟ್ಟಾಗಿ ಅವನನ್ನು ನಾಲ್ಕು ದಿನ ಒಳಗೆ ಕಳಿಸಿದರು. ದಾರಿಯುದ್ದಕ್ಕೂ ಅವನು ಎಂದಿನಂತೆ ಮಾತಾಡಿದ. "ವಯಸ್ಸಾಯ್ತು ಸಾ, ಮರ್ವು ಎಲ್ರಿಗೂ ಬತ್ತದ" ಎಂದು ನನ್ನನ್ನೇ ಸಮಾಧಾನ ಮಾಡಿದ. ಟವೆಲಿನ ಕೆಳಗೆ ನನ್ನ ಕೈ ಅಂದು ಬೆವರಿದಷ್ಟು ಯಾವತ್ತೂ ಬೆವರಿರಲಿಲ್ಲ.

ಮುಂದಿನ ವಾಯಿದೆಗೆ ನಾನೇ ಅವನ ಮನೆಗೆ ಹೋಗಿ ಕರೆದುಕೊಂಡು ಬಂದೆ. ವಾರಂಟಿನ ಮೇಲಲ್ಲ, ಇನ್ನೊಮ್ಮೆ ಮರೆಯುವ ಧೈರ್ಯ ನನಗಿರಲಿಲ್ಲ. ಗುಂಡ್ಲುಪೇಟೆಯ ಕೋರ್ಟಿಗೆ ಸಿದ್ದರಾಜುವೂ ಬಂದಿದ್ದ. ಸ್ವಾಮಿ, ನಮ್ಮ ನಮ್ಮಲ್ಲಿ ರಾಜಿಯಾಗಿದೆ ಎಂದು ಇಬ್ಬರೂ ಕೈ ಮುಗಿದರು. ಜಡ್ಜ್ ಸಾಹೇಬರು ಕಾಗದ ನೋಡಿದರು, ಇಬ್ಬರ ಮುಖ ನೋಡಿದರು, ಕೇಸು ಮುಗಿಯಿತು ಎಂದರು. ಐದಾರು ವರ್ಷ ನಡೆದದ್ದು ಐದು ನಿಮಿಷದಲ್ಲಿ ಮುಗಿದುಹೋಯಿತು. ಸಿದ್ದರಾಜು ಬೈಕು ತರುತ್ತೇನೆಂದು ಮುಂದೆ ಹೋದ. ನಾವಿಬ್ಬರೂ ಬಸ್ ನಿಲ್ದಾಣದ ಕಡೆ ನಡೆದೆವು. ಫೋನಿನ ವಿಷಯ ಈಗಲಾದರೂ ಹೇಳಿಬಿಡಬೇಕು ಎಂದು ನನಗೆ ಅನ್ನಿಸುತ್ತಿತ್ತು. ಹೇಗೆ ಶುರು ಮಾಡುವುದು, ರಸ್ತೆಯ ಗದ್ದಲದಲ್ಲೇ ಹೇಳುವುದೋ ಟೀ ಅಂಗಡಿಯಲ್ಲಿ ಕೂತು ಹೇಳುವುದೋ ಎಂದು ಯೋಚಿಸುತ್ತಲೇ ನಡೆದೆ. ಮಹದೇವ ನನ್ನ ಹೆಜ್ಜೆಗೆ ಹೆಜ್ಜೆ ಸೇರಿಸಿ ಪಕ್ಕದಲ್ಲೇ ಬಂದ.

ನಿಲ್ದಾಣದ ಎದುರು ಸಿದ್ದರಾಜು ಬೈಕಿನ ಮೇಲೆ ಕೂತು ಹಾರನ್ ಹೊಡೆದ. ಮಹದೇವ ನಿಂತ. ಮೆಲ್ಲಗೆ, ಮಕ್ಕಳಿಗೆ ಹೇಳುವ ಹಾಗೆ, "ಬುಡಿ ಸಾ. ನಮ್ ಬಾಮೈದ ಬಂದವ್ನ" ಎಂದ.

ಆಗ ಕೆಳಗೆ ನೋಡಿದೆ. ಬೆರಳಿಗೆ ಬೆರಳು ಹೆಣೆದು ಹೆಬ್ಬೆರಳು ಮಣಿಕಟ್ಟಿನ ಮೇಲೆ ಒತ್ತಿಕೊಂಡಿತ್ತು. ಕೋರ್ಟಿನ ಬಾಗಿಲಿನಿಂದ ಅಲ್ಲಿಯವರೆಗೆ, ಹಾಡುಹಗಲಲ್ಲಿ, ಟವೆಲೂ ಇಲ್ಲದೆ ಹಿಡಿದುಕೊಂಡೇ ಬಂದಿದ್ದೆ. ಅವನಿಗೆ ಮೊದಲಿನಿಂದಲೂ ಗೊತ್ತಿತ್ತೆಂದು ಅವನ ಮುಖ ನೋಡಿದರೇ ತಿಳಿಯುತ್ತಿತ್ತು. ಬಿಟ್ಟೆ. "ಮಂಡಿಗೆ ಎಳ್ಳೆಣ್ಣೆ ತಿಕ್ಕೋದ ಬುಡ್ಬ್ಯಾಡಿ, ಬತ್ತೀನಿ ಸಾ" ಎಂದು ಅವನು ಬೈಕು ಹತ್ತಿದ. ಯಾರ ಮೇಲೆ ದೊಣ್ಣೆ ಎತ್ತಿದ್ದನೋ ಅವನ ಹೆಗಲ ಮೇಲೆ ಕೈ ಇಟ್ಟುಕೊಂಡು ಹೋದ. ಫೋನಿನ ವಿಷಯ ನನ್ನಲ್ಲೇ ಉಳಿಯಿತು.

ಸಂಜೆ ಟೀ ಕಾಯಿಸಿ ಕೂತು ಕಾನೂನಿನ ಪ್ರಕಾರ ಯೋಚಿಸಿದೆ. ಬಿಡುಗಡೆಯಾದ ಮನುಷ್ಯನನ್ನು ಕೋರ್ಟಿನಿಂದ ಬಸ್ ನಿಲ್ದಾಣದವರೆಗೆ ಹಿಡಿದಿಟ್ಟುಕೊಂಡಿದ್ದು ಅಕ್ರಮ ಬಂಧನ. ಅದಕ್ಕೂ ಮುಂಚೆ ಮಾಡದೆ ಬಿಟ್ಟ ಫೋನು ಇನ್ನೂ ದೊಡ್ಡ ಅಪರಾಧ, ಅದಕ್ಕೆ ಯಾವ ಸೆಕ್ಷನ್ನೋ ನನಗೆ ಗೊತ್ತಿಲ್ಲ. ಮಹದೇವ ದೂರು ಕೊಡಬೇಕೆಂದರೆ ನನ್ನ ಔಟ್‌ಪೋಸ್ಟಿಗೇ ಬರಬೇಕು, ಬಂದರೆ ನಾನೇ ಬರೆದುಕೊಳ್ಳುತ್ತೇನೆ, ಒಂದಕ್ಷರವೂ ಬಿಡುವುದಿಲ್ಲ. ಆಮೇಲೆ ನನ್ನನ್ನು ಇಡುವುದೆಲ್ಲಿ? ಲಾಕಪ್ಪಿಲ್ಲ. ಜೀಪು ಬಂದೋಬಸ್ತಿಗೆ ಹೋಗಿರುತ್ತದೆ. ಬಸ್ಸೇ ಗತಿ. ಗುಂಡ್ಲುಪೇಟೆಯಿಂದ ಚಾಮರಾಜನಗರದವರೆಗೆ ಕಿಟಕಿಯ ಸೀಟು ನನ್ನದು. ಕೋಳಕ್ಕೆ ಅಪ್ಪಣೆ ಕೇಳುವಷ್ಟು ದೊಡ್ಡ ಅಪರಾಧಿ ನಾನಲ್ಲ, ಆದ್ದರಿಂದ ದಾರಿಯುದ್ದಕ್ಕೂ ಯಾರಾದರೂ ನನ್ನ ಕೈ ಹಿಡಿದುಕೊಂಡೇ ಕೂರಬೇಕಾಗುತ್ತದೆ. ಟವೆಲು ಬೇಕಾದರೆ ನಾನೇ ತರುತ್ತೇನೆ.