ನನ್ನ ಕೈ ದಾಟಿ ಮೊಮ್ಮಗಳ ಕೈ ಸೇರಿದ ಆರನೇ ಬೆರಳಿಗೆ

ನಮ್ಮ ಮನೆತನದ ಆರನೇ ಬೆರಳನ್ನು ಹೊತ್ತು ತರುವ ವಂಶವಾಹಿಯವರಾದ ಮಾನ್ಯರೇ,

ನಿಂಬರ್ಗಾದ ಗುರುಪಾದನು ಎರಡೂ ಕೈ ಜೋಡಿಸಿ, ಅಂದರೆ ಬರೀ ಹತ್ತು ಬೆರಳು ಜೋಡಿಸಿ, ತಮಗೆ ಮಾಡುವ ಶರಣು ಶರಣಾರ್ಥಿ. ತಾವು ಕ್ಷೇಮವಾಗಿದ್ದೀರಿ ಎಂದು ಬಲ್ಲೆ. ಯಾಕೆಂದರೆ ಅರವತ್ತು ದಾಟಿದರೂ ನಾನು ಗಟ್ಟಿಮುಟ್ಟಾಗಿದ್ದೇನೆ, ಮತ್ತು ತಾವು ಹುಟ್ಟಿನಿಂದ ನನ್ನ ಮೈಯೊಳಗೇ ಬಿಡಾರ ಹೂಡಿದ್ದೀರಿ ಎಂಬ ಸುದ್ದಿ ಈಚೆಗೆ ತಿಳಿಯಿತು.

ತಮಗೆ ಗೊತ್ತಿದ್ದ ಸಂಗತಿಯೇ, ಆದರೂ ಓದುವ ನಾಲ್ಕು ಮಂದಿಗೆ ತಿಳಿಯಲಿ. ಮಿರಗದ ಮಳೆ, ಅಂದರೆ ಮೃಗಶಿರಾ, ಬಿದ್ದು ತೊಗರಿ ಬಿತ್ತುವ ದಿನ ನಮ್ಮ ಹೊಲದಲ್ಲಿ ಮೊದಲ ಹಿಡಿ ಕಾಳನ್ನು ಕೂರಿಗೆಯ ಬಟ್ಟಲಿಗೆ ಆರು ಬೆರಳಿನ ಕೈಯೇ ಬಿಡಬೇಕು. ಆಮೇಲೆ ಟ್ರ್ಯಾಕ್ಟರ್ ಬಂದರೂ ಸೈ, ಮೊದಲ ಸಾಲು ಮಾತ್ರ ಎತ್ತಿನದು, ಆ ಬೆರಳಿನದು. ಮುತ್ಯಾನ ಕೈಗೆ ತಾವು ದಯಮಾಡಿಸಿದಿರಿ, ಅಪ್ಪನ ಕೈಗೂ ದಯಮಾಡಿಸಿದಿರಿ. ಹಿರಿಮಗನಾದ ನನ್ನ ಕೈಯನ್ನು ಮಾತ್ರ, ತಡೆರಹಿತ ಬಸ್ಸು ಸಣ್ಣ ಹಳ್ಳಿ ದಾಟಿದ ಹಾಗೆ ಧೂಳೆಬ್ಬಿಸಿ ದಾಟಿ, ನನ್ನ ತಮ್ಮ ಹಣಮಂತ್ರಾಯನ ಎಡಗೈಯಲ್ಲಿ ಇಳಿದಿರಿ. ಏಳನೇ ಇಯತ್ತೆಯ ತನಕ ಲೆಕ್ಕದಲ್ಲಿ ಇಡೀ ಶಾಲೆಗೆ ಮೊದಲಿಗನಾದವನು ನಾನು, ಕಲ್ಲುಗುಂಡು ಎತ್ತಿ ಹೆಗಲ ಹಿಂದೆ ಒಗೆದವನು ನಾನು. ಆದರೂ ಪ್ರತಿ ಮಿರಗಕ್ಕೆ ಅವನು ಮದುಮಗನ ಹಾಗೆ ಕಾಳು ಬಿಡುವುದು, ನಾನು ಮುಂದೆ ಎತ್ತು ಹೊಡೆಯುವುದು. ಎತ್ತುಗಳಿಗೂ ನನ್ನ ಮೇಲೆ ಕನಿಕರ ಹುಟ್ಟಿತ್ತು.

ಇಷ್ಟನ್ನೂ ನುಂಗಿಕೊಂಡಿದ್ದೆ. ಆದರೆ ಈ ವರ್ಷ ಹಣಮಂತ್ರಾಯ ಮೊಣಕಾಲು ಹಿಡಿದುಕೊಂಡು ಕಟ್ಟೆಯ ಮೇಲೆ ಕೂತು, ಇನ್ನು ಮುಂದೆ ಬಟ್ಟಲು ತನ್ನ ಮಗ ಮಹೇಶಕುಮಾರನದು ಎಂದು ಸಾರಿಬಿಟ್ಟ. ಆ ಹುಡುಗನಿಗೂ ಐದೇ ಬೆರಳಲ್ಲವೇನೋ ಎಂದರೆ, "ಬೆರಳಿಲ್ಲದಿದ್ರ ಏನಾತಣ್ಣ, ಬೆರಳಿದ್ದವನ ಮಗ ಹೌದಲ್ಲ?" ಅಂದ. "ಹಂಗಾದ್ರ ನಾನೂ ಬೆರಳಿದ್ದವನ ಮಗನೇ ಅಲ್ಲೇನಲೇ!" ಅಂದೆ. "ನಿನ್ನ ಪಾಳಿ ಮುಗದದ. ನೀ ಎತ್ತು ಹೊಡಿ ಸಾಕು" ಅಂದ. ಕಟ್ಟೆಯ ಮಂದಿ ನಕ್ಕರು. ಮಾನ್ಯರೇ, ಆ ನಗುವಿನ ಹೊಣೆ ತಮ್ಮದು.

ಅಷ್ಟರಲ್ಲಿ ಕರಜಗಿಗೆ ಕೊಟ್ಟ ನನ್ನ ಮಗಳು ಸೀಮಾ ಬಾಣಂತನ ಮುಗಿಸಿಕೊಂಡು ಹೋಗುವ ಮೊದಲು ಕೂಸಿನ ಕೈಗೆ ಕಟ್ಟಿದ ಬಟ್ಟೆಚೀಲ ಬಿಚ್ಚಿ ತೋರಿಸಿದಳು. ಮೊಮ್ಮಗಳು ಸೃಷ್ಟಿಯ ಎಡಗೈಯಲ್ಲಿ, ಕಿರುಬೆರಳಿನ ಮಗ್ಗಲಿಗೆ, ತೊಗರಿಯ ಎಳೆಕಾಯಿಯಂತೆ ತಾವು! ಎರಡು ತಿಂಗಳಿಂದ, ಕೂಸು ಮುಖ ಪರಚಿಕೊಂಡೀತೆಂದು ಕಟ್ಟಿದ ಚೀಲದಲ್ಲಿ ತಾವು ಅಡಗಿದ್ದಿರಿ, ಅಜ್ಜ ಕುಣಿದು ಊರು ತುಂಬಾ ಡಂಗುರ ಹೊಡೆದಾನೆಂದು ಮಗಳೂ ಹೆಂಡತಿ ಸುಮಿತ್ರಾಬಾಯಿಯೂ ಬಾಯಿ ಬಿಟ್ಟಿರಲಿಲ್ಲ. ಸೀಮಾ ಅಫಜಲಪುರದಲ್ಲಿ ವಿಜ್ಞಾನ ಕಲಿಸುತ್ತಾಳೆ. "ಅಪ್ಪಾ, ನಮ್ಮ ಅತ್ತಿಮನ್ಯಾಗ ಇದು ಯಾರಿಗೂ ಇಲ್ರಿ. ನಿಮ್ಮಿಂದ ನನಗ, ನನ್ನಿಂದ ಇಕಿಗೆ ಬಂದದ. ವಂಶವಾಹಿ ಮೈಯಾಗ ಇದ್ರೂ ಒಬ್ಬೊಬ್ರ ಕೈಯಾಗ ಕಾಣಸಂಗಿಲ್ರಿ" ಅಂದಳು.

ಎಂಥಾ ವಿನಯ ತಮ್ಮದು, ಮಾನ್ಯರೇ! ಏನೂ ಮಾಡದೆ ಸರ್ಕಲ್ಲಿನಲ್ಲಿ ಫೋಟೊ ಹಾಕಿಸಿಕೊಳ್ಳುವ ಪುಢಾರಿಗಳು ತಮ್ಮ ಪಾದ ತೊಳೆದು ನೀರು ಕುಡಿಯಬೇಕು. ಆದರೂ ಒಂದು ಅರಿಕೆ. ತಾವು ಇಷ್ಟು ವರ್ಷ ಒಳಗಿದ್ದದ್ದಕ್ಕೆ ಗುರುತಾಗಿ ಮಿರಗದ ವಾರವಾದರೂ ನನ್ನ ಕೈ ಮೇಲೆ ಒಮ್ಮೆ ಮೂಡಿ, ವಾರ ಮುಗಿದ ಮೇಲೆ ಒಳಗೆ ಹೋಗಬಹುದು. ಅದಾಗದಿದ್ದರೆ ಹಣಮಂತ್ರಾಯನ ಕನಸಿನಲ್ಲಿ ಹೋಗಿ, ಅಣ್ಣನ ಮನೆಯಲ್ಲೇ ಇದ್ದೆ, ಬಾಗಿಲು ತೆರೆಯಲಿಲ್ಲ ಅಷ್ಟೇ, ಎಂದು ಒಂದು ಮಾತು ಹೇಳಿ.

ಬಿತ್ತಿಗೆಯ ದಿನ ಕೂಸನ್ನೇ ಹೊಲಕ್ಕೆ ಒಯ್ದೆ. "ಬಿತ್ತಾಕ ಕೂಸಿಗೆ ಬರಬೇಕಲ್ಲಣ್ಣ!" ಎಂದ ಹಣಮಂತ್ರಾಯ. ಕೈ ಕೂಸಿನದು, ಹಿಡಿಯುವವನು ಅಜ್ಜ ಎಂದೆ. ಮಹೇಶಕುಮಾರ, ಒಳ್ಳೆಯ ಹುಡುಗ, ತಾನೇ ಹೋಗಿ ಎತ್ತಿನ ಹಗ್ಗ ಹಿಡಿದ. ಜೀವಮಾನದಲ್ಲಿ ಮೊದಲ ಸಲ ನಾನು ಬಟ್ಟಲಿನ ಹತ್ತಿರ ನಿಂತೆ. ಸೃಷ್ಟಿ ಕಾಳು ಹಿಡಿದಳು, ಬಿಡಲೊಲ್ಲಳು. ಮುದ್ದು ಮಾಡಿದೆವು, ಗಿಲಕಿ ಆಡಿಸಿದೆವು, ಬಿಡಲೊಲ್ಲಳು. ಬೇಸತ್ತು ಅವಳ ಮುಖ ಮೇಲೆತ್ತಿದೆ. ಮೋಡ ಸರಿದು ಬಿಸಿಲು ಮುಖಕ್ಕೆ ಬಿದ್ದದ್ದೇ ತಡ, ಆಕ್ಷೀ! ಕಾಳೆಲ್ಲ ಬಟ್ಟಲಿಗೆ.

ಶುಭಕಾರ್ಯದಲ್ಲಿ ಸೀನು! ಹಣಮಂತ್ರಾಯನ ಮೋರೆ ಕಪ್ಪಾಯಿತು, ಮತ್ತೆ ಮೊದಲಿನಿಂದ ಆಗಬೇಕು ಎಂದು ಬಾಯಿ ತೆರೆದ, ಮಳೆ ಎಲ್ಲಿದೆಯೋ ಎಂದು ಆಕಾಶ ನೋಡಿದ, ತಾನೂ ಸೀನಿದ. ಅವನೇನು ನೋಡಿದನೆಂದು ನಾನೂ ಮುಖವೆತ್ತಿದೆ. ಅವನಿಗಿಂತ ಜೋರಾಗಿ ಸೀನಿದೆ. ನಮ್ಮಪ್ಪನೂ ಬಿಸಿಲಿಗೆ ಮುಖ ಮಾಡಿದರೆ ಹೀಗೇ ಸೀನುತ್ತಿದ್ದ ಎಂದು ಇಬ್ಬರಿಗೂ ಒಂದೇ ಗಳಿಗೆಗೆ ನೆನಪಾಯಿತು. ಸೀಮಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಇದೂ ರಕ್ತದಲ್ಲೇ ಹರಿದು ಬರುತ್ತದೆ ಎಂದಳು. "ಹೊಡಿಯಲೇ ಎತ್ತು!" ಎಂದು ಹಣಮಂತ್ರಾಯ ಮಗನಿಗೆ ಕೂಗಿ, ನನ್ನ ಹೆಗಲಿಗೆ ಕೈಯೂರಿ, ಕುಂಟುತ್ತಾ ಸಾಲಿನ ಗುಂಟ ನಡೆದ.

ತಮ್ಮ ವಿಶ್ವಾಸಿ, ಮತ್ತು ಇಷ್ಟು ವರ್ಷದ ಮನೆಮಾಲೀಕ,
ಗುರುಪಾದ, ನಿಂಬರ್ಗಾ

ತಾ.ಕ.: ಮಹೇಶಕುಮಾರನ ಹೆಂಡತಿಗೆ ಈಗ ಏಳನೇ ತಿಂಗಳು. ತಾವು ಆ ಹುಡುಗನ ಮೈಯಲ್ಲೂ ಮುಸುಕೆಳೆದು ಮಲಗಿದ್ದರೆ ಧಾರಾಳವಾಗಿ ಎದ್ದು ಬನ್ನಿ, ನನ್ನದೇನೂ ತಕರಾರಿಲ್ಲ. ಹಣಮಂತ್ರಾಯನ ಗೊರಕೆಯನ್ನು ಮಾತ್ರ ಜೊತೆಗೆ ಕರೆತರಬೇಡಿ. ನಮ್ಮಿಬ್ಬರ ಮನೆಗೂ ಗೋಡೆ ಒಂದೇ.