ಇಪ್ಪತ್ತಮೂರು ಜೇಬಿನ ಬ್ಯಾಗು

"ನನ್ನ ಕನ್ನಡಕ ನೋಡಿದೆಯೇನೇ?" ಎಂಬ ಮಾತು ಇನ್ನು ಈ ಜನ್ಮದಲ್ಲಿ ತಮ್ಮ ಬಾಯಿಂದ ಹೊರಡುವುದಿಲ್ಲ ಎಂದು ಗುಮಾಸ್ತರು ಒಂದು ಭಾನುವಾರ ಬೆಳಿಗ್ಗೆ ಘೋರ ಪ್ರತಿಜ್ಞೆ ಮಾಡಿದರು. ಅದಕ್ಕೆ ಐದು ನಿಮಿಷ ಮುಂಚೆ ಕನ್ನಡಕ ಫ್ರಿಜ್ಜಿನಲ್ಲಿ, ಮೊಟ್ಟೆ ಇಡುವ ತಟ್ಟೆಯಲ್ಲಿ ಸಿಕ್ಕಿತ್ತು.

ಕಚೇರಿಯಲ್ಲಿ ಅವರ ದರ್ಬಾರೇ ಬೇರೆ. ಅವರು ದಾಖಲೆ ಕೋಣೆಯ ಗುಮಾಸ್ತರು. ನಲವತ್ತು ವರ್ಷ ಹಳೆಯ ಕಡತ ಕೇಳಿದರೂ ಕಣ್ಣು ಮುಚ್ಚಿಕೊಂಡು ತೆಗೆದುಕೊಡುತ್ತಿದ್ದರು. ಅದಕ್ಕೆ ಕಾರಣ ಅವರೇ ಜಾರಿಗೆ ತಂದ ಹಳದಿ ಚೀಟಿ. ಯಾವ ಕಾಗದವನ್ನು ಎಲ್ಲಿಂದ ತೆಗೆದರೂ, ಅದು ಎಲ್ಲಿಗೆ ಹೋಯಿತು, ಯಾಕೆ ಹೋಯಿತು ಎಂದು ಬರೆದ ಹಳದಿ ಚೀಟಿಯನ್ನು ಆ ಜಾಗದಲ್ಲಿಡಬೇಕು. ಇಂಥ ಮಹಾನುಭಾವರಿಗೆ ಮನೆಯಲ್ಲಿ ಮಾತ್ರ ಎಡಗಾಲಿನ ಚಪ್ಪಲಿ ಸಿಗುತ್ತಿರಲಿಲ್ಲ.

"ತಪ್ಪು ನನ್ನದಲ್ಲ, ಜೇಬಿನದು," ಎಂದರು ಹೆಂಡತಿಗೆ. "ಅಂಗಿಗೆ ಒಂದು, ಪ್ಯಾಂಟಿಗೆ ಎರಡು. ಮೂರು ಜೇಬಲ್ಲಿ ಮನುಷ್ಯ ಸಂಸಾರ ಮಾಡೋಕಾಗುತ್ತಾ?"

"ಮೂರರಲ್ಲೇ ಹುಡುಕೋಕಾಗಲ್ಲ, ಮೂವತ್ತು ಕೊಟ್ರೆ ಏನು ಮಾಡ್ತೀರಿ?"

ಗುಮಾಸ್ತರು ಅಳತೆ ಟೇಪು ಹಿಡಿದು ಬ್ಯಾಗಿನ ಅಂಗಡಿಗೆ ಹೊರಟರು.

ಅಂಗಡಿಯವನು ಎಂಟು ಜೇಬಿನ ಬ್ಯಾಗು ತೋರಿಸಿದ. "ಎಂಟಾ? ನಾನೇನು ಪಿಕ್ನಿಕ್ಕಿಗೆ ಹೋಗ್ತಿದ್ದೀನಾ?" ಎಂದರು. ಹನ್ನೆರಡರದ್ದು ತೋರಿಸಿದ. ಮೂಗು ಮುರಿದರು. ಎರಡು ಗಂಟೆ ಬೆವರಿಳಿಸಿದ ಮೇಲೆ ಅವನು ಏಣಿ ಹತ್ತಿ, ಅಟ್ಟದ ಮೂಲೆಯಿಂದ ಧೂಳು ಹಿಡಿದ ಒಂದು ಬ್ಯಾಗನ್ನು ಕೆಳಗಿಳಿಸಿದ. ಒಟ್ಟು ಇಪ್ಪತ್ತಮೂರು ಜೇಬು! ಜೇಬಿನೊಳಗೆ ಜೇಬು, ಅದರ ಹೊಟ್ಟೆಯಲ್ಲಿ ಮರಿಜೇಬು, ಹೆಗಲ ಪಟ್ಟಿಯ ಹಿಂದೊಂದು ಕಳ್ಳಜೇಬು. ಬ್ಯಾಗಿನ ತಳಕ್ಕೆ ತಲೆಕೆಳಗಾಗಿ ಹೊಲಿದದ್ದು ಮತ್ತೊಂದಿತ್ತು.

"ಇದು ಯಾತಕ್ಕಪ್ಪ?"

"ಗೊತ್ತಿಲ್ಲ ಸಾರ್. ಆರು ವರ್ಷದಿಂದ ನಾನೂ ಯೋಚನೆ ಮಾಡ್ತಾ ಇದ್ದೀನಿ."

ಅವನ ಪ್ರಾಮಾಣಿಕತೆಗೆ ಮಾರುಹೋಗಿ ಗುಮಾಸ್ತರು ಅಲ್ಲೇ ಬ್ಯಾಗನ್ನು ಹೆಗಲಿಗೇರಿಸಿಕೊಂಡರು. ಅಂಗಡಿಯವನು ಬಾಗಿಲ ತನಕ ಬಂದು ಬೀಳ್ಕೊಟ್ಟ. ಹೆಣ್ಣೊಪ್ಪಿಸಿದ ತಂದೆಯಷ್ಟು ಹಗುರವಾಗಿತ್ತು ಅವನ ಮುಖ.

ಮನೆಗೆ ಬಂದವರೇ ಪ್ರತಿ ಜೇಬಿಗೂ ಬಟ್ಟೆಯ ತುಂಡಿನಲ್ಲಿ ನಂಬರು ಬರೆದು ಹೊಲಿದರು. ಹಳದಿ ಚೀಟಿಗಳ ಕಟ್ಟು ಒಂದನೇ ಜೇಬಿಗೆ ಹೋಯಿತು.

ಅದೇ ವಾರ ಹೆಂಡತಿಗೆ ಒಂದು ಶಾಲೆಯಿಂದ ಪತ್ರ ಬಂತು. ಚಿತ್ರಕಲೆ ಟೀಚರ್ ಕೆಲಸಕ್ಕೆ ಸಂದರ್ಶನ. ಒಂಬತ್ತು ವರ್ಷದ ಹಿಂದೆ, ಅತ್ತೆ ಹಾಸಿಗೆ ಹಿಡಿದಾಗ, ಇಂಥದೇ ಕೆಲಸವನ್ನು ಅವಳು ಬಿಟ್ಟಿದ್ದಳು. ಬಿಟ್ಟ ಕೆಲಸದ ಮಾತೆತ್ತಿದವಳಲ್ಲ. ಆದರೆ ಕರೆಂಟು ಬಿಲ್ಲು, ಹಾಲಿನ ಬಿಲ್ಲು, ಎಲ್ಲದರ ಹಿಂದೆಯೂ ಅವಳು ಬಿಡಿಸಿದ ಮುಖಗಳಿರುತ್ತಿದ್ದವು. ಈ ಕೆಲಸ ಅವಳಿಗೆ ಬೇಕೇಬೇಕಿತ್ತು. ಪತ್ರವನ್ನು ಅಡುಗೆಮನೆಯ ಗೋಡೆಗೆ ಪಿನ್ನು ಹಾಕಿ ಚುಚ್ಚಿಟ್ಟಳು.

ಗುಮಾಸ್ತರು ಅದನ್ನು ಕಂಡು ಓಡಿ ಬಂದರು. "ಇಷ್ಟು ಮುಖ್ಯವಾದ ಕಾಗದಾನ ಬಟಾಬಯಲಲ್ಲಿ ಬಿಟ್ಟಿದ್ದೀಯಲ್ಲೇ! ಕೊಡಿಲ್ಲಿ, ಬ್ಯಾಗಲ್ಲಿಡ್ತೀನಿ."

"ಇರ್ಲಿ ಬಿಡೀಂದ್ರೆ. ಕಣ್ಣಿಗೆ ಕಾಣೋ ಹಾಗಿದೆ."

"ಕಣ್ಣಿಗೆ ಕಾಣೋದೇ ಅಪಾಯ."

ಬ್ಯಾಗನ್ನು ಅವರು ಮಗುವಿನಂತೆ ತಬ್ಬಿಕೊಂಡು ನಿಂತಿದ್ದು ನೋಡಿ ಅವಳಿಗೆ ಪಾಪ ಅನ್ನಿಸಿ, ಪತ್ರ ಕೊಟ್ಟುಬಿಟ್ಟಳು. ಅದು ಮೂರನೇ ಜೇಬು ಸೇರಿತು.

ಸಂದರ್ಶನದ ದಿನ ಗುಮಾಸ್ತರು ರಜೆ ಹಾಕಿ, ಚಿತ್ರಗಳ ಸುರುಳಿ ಹಿಡಿದ ಹೆಂಡತಿಯ ಜೊತೆ ಹೊರಟರು. ಹತ್ತೂವರೆಗೆ ಸಂದರ್ಶನ. ಹತ್ತಕ್ಕೇ ಶಾಲೆಯ ಗೇಟಿನ ಮುಂದಿದ್ದರು. ಕಾವಲುಗಾರ ಎದ್ದು ಬಂದ.

"ಇಂಟರ್ವ್ಯೂಗಾ ಅಮ್ಮ? ಪತ್ರ ತೋರಿಸಿ. ಇಲ್ಲಾ ಅಂದ್ರೆ..."

"ಇಲ್ಲಾ ಅನ್ನೋ ಮಾತೇ ಇಲ್ಲ," ಎಂದು ಗುಮಾಸ್ತರು ಅವನ ಮಾತನ್ನು ಅರ್ಧಕ್ಕೇ ತುಂಡರಿಸಿ, ಎದೆಯುಬ್ಬಿಸಿ, ಮೂರನೇ ಜೇಬಿಗೆ ಕೈಹಾಕಿದರು.

ಕೈಗೆ ಹಳದಿ ಚೀಟಿ ಬಂತು. "ಪಕ್ಕದಲ್ಲಿ ನೀರಿನ ಬಾಟಲಿ. ತೇವದ ಭಯ. ಒಂಬತ್ತನೇ ಜೇಬು ನೋಡುವುದು."

"ನೋಡಿದ್ಯಾ? ವ್ಯವಸ್ಥೆ ಅಂದ್ರೆ ಇದು," ಎಂದು ಒಂಬತ್ತಕ್ಕೆ ಹೋದರು. ಅಲ್ಲಿ, "ಜಿಪ್ಪು ಕಾಗದದ ಮೂಲೆ ಕಚ್ಚುತ್ತಿದೆ. ಹದಿನಾಲ್ಕು ನೋಡುವುದು." ಹದಿನಾಲ್ಕರಲ್ಲಿ, "ನೆರೆಹೊರೆ ಸರಿಯಿಲ್ಲ. ಪೆನ್ನು ಇಂಕು ಕಾರುತ್ತಿದೆ. ಇಪ್ಪತ್ತೊಂದು."

ಇಪ್ಪತ್ತೊಂದು ಇದ್ದದ್ದು ಇಪ್ಪತ್ತರ ಒಳಗೆ. ಇಪ್ಪತ್ತು ಇದ್ದದ್ದು ಹತ್ತೊಂಬತ್ತರ ಒಳಗೆ. ಅಲ್ಲಿಗೆ ಕೈ ತಲುಪಬೇಕಾದರೆ ಮೇಲಿನದೆಲ್ಲ ಹೊರಗೆ ಬರಬೇಕು. ಗುಮಾಸ್ತರು ಫುಟ್‌ಪಾತಿನ ಮೇಲೆ ಕರವಸ್ತ್ರ ಹಾಸಿ ಕೂತರು. ಟಾರ್ಚು, ಎರಡು ಜೊತೆ ಶೂ ಲೇಸು, ಥರ್ಮಾಮೀಟರು, ಕತ್ತರಿ, ದಾರದುಂಡೆ, ಬೀಗ, ಬೀಗಕ್ಕೆ ಸಂಬಂಧವಿಲ್ಲದ ಮೂರು ಕೀಲಿಕೈ, ಬಾಚಣಿಗೆ, ಮತ್ತೊಂದು ಟಾರ್ಚು ಸಾಲಾಗಿ ಹೊರಬಂದವು.

ದಾರಿಹೋಕರೊಬ್ಬರು ನಿಂತು ಬಗ್ಗಿದರು. "ಟಾರ್ಚು ಹೇಗೆ ಕೊಡ್ತೀರಿ?"

"ಮಾರೋಕಲ್ಲ ಸ್ವಾಮಿ."

"ಎರಡಿದೆಯಲ್ಲ. ಒಂದು ಕೊಡ್ರೀ." ಅವರು ಕತ್ತರಿಯ ಹರಿತವನ್ನೂ ಪರೀಕ್ಷೆ ಮಾಡತೊಡಗಿದರು. ಅವರ ಹಿಂದೆ ಇನ್ನಿಬ್ಬರು ಬಂದು ನಿಂತರು.

"ಹತ್ತೂಕಾಲಾಯ್ತು ರೀ." ಹೆಂಡತಿ ಕೈಗಡಿಯಾರ ತೋರಿಸಿದಳು. "ನನಗೆ ಮತ್ತೆ ಇಂಥ ಅವಕಾಶ ಬರಲ್ಲ."

ಇಪ್ಪತ್ತೊಂದರಲ್ಲಿ ಕೊನೆಯ ಚೀಟಿ ಸಿಕ್ಕಿತು. "ಈ ಬ್ಯಾಗನ್ನು ಬಸ್ಸಿನಲ್ಲಿ ಮರೆತುಬರುವ ಸಂಭವವಿರುವುದರಿಂದ ಪತ್ರವನ್ನು ಕಚೇರಿಯ ದಾಖಲೆ ಕೋಣೆಯಲ್ಲಿ ಭದ್ರಪಡಿಸಲಾಗಿದೆ." ಕೆಳಗೆ ಅವರದೇ ಸಹಿ, ತಾರೀಖಿನ ಸಮೇತ.

ಗುಮಾಸ್ತರು ಹೆಂಡತಿಯ ಮುಖ ನೋಡುವ ಧೈರ್ಯ ಸಾಲದೆ ಆ ಕಡೆ ತಿರುಗಿ ಕಚೇರಿಗೆ ಫೋನು ಮಾಡಿದರು. ಅವರ ಕೈಕೆಳಗಿನ ಸಹಾಯಕಿ ಎತ್ತಿದಳು.

"ಅಮ್ಮಾ, ಆರನೇ ಕಪಾಟಲ್ಲಿ ಒಂದು ಪತ್ರ ಇದೆ. ಆಟೋದಲ್ಲಿ ತಂದುಬಿಡು."

"ಮೂರು ದಿನ ಮುಂಚೆ ಅರ್ಜಿ ಬೇಕು ಸಾರ್. ನೀವೇ ಮಾಡಿದ ನಿಯಮ."

"ನಾನೇ ಸಡಿಲಿಸ್ತೀನಿ."

"ಸಡಿಲಿಸೋಕೆ ನಿಮ್ಮ ಸಹಿ ಬೇಕು. ನೀವು ಇವತ್ತು ರಜೆ."

"ಹಾಗಾದ್ರೆ ರಜೆ ರದ್ದು ಮಾಡು."

"ಅದಕ್ಕೂ ನೀವೇ ಬಂದು ಸಹಿ ಹಾಕಬೇಕು ಸಾರ್."

ತಮ್ಮ ಕೋಣೆ ಇಷ್ಟು ಶಿಸ್ತಾಗಿ ನಡೆಯುತ್ತಿರುವುದಕ್ಕೆ ಆ ಸಂಕಟದಲ್ಲೂ ಗುಮಾಸ್ತರಿಗೆ ಕೊಂಚ ಹೆಮ್ಮೆಯಾಯಿತು. ವಾದ ಮುಂದುವರಿಸಿದರು.

ಇತ್ತ ಕಾವಲುಗಾರ ತನ್ನ ಅರ್ಧ ಮಾತನ್ನು ಕೊನೆಗೂ ಪೂರ್ತಿ ಮಾಡಿದ. "ಪತ್ರ ಇಲ್ಲಾ ಅಂದ್ರೆ ಗುರುತಿನ ಚೀಟಿ ತೋರಿಸಿದ್ರೂ ಸಾಕಮ್ಮ. ಹೆಸರು ಪಟ್ಟೀಲಿದೆ. ಆವಾಗಲೇ ಹೇಳೋಕೆ ಬಂದೆ, ಅವರು ಬಿಡಲಿಲ್ಲ."

ಹೆಂಡತಿ ತನ್ನ ಪುಟ್ಟ ಪರ್ಸಿನಿಂದ ಗುರುತಿನ ಚೀಟಿ ತೆಗೆದು ತೋರಿಸಿ, ತಿರುಗಿಯೂ ನೋಡದೆ ಒಳಗೆ ಹೋದಳು.

ಅವಳು ಹೊರಗೆ ಬಂದಾಗ ಹನ್ನೆರಡು ಗಂಟೆ. ಗುಮಾಸ್ತರು ಇನ್ನೂ ಫುಟ್‌ಪಾತಿನ ಮೇಲೇ ಇದ್ದರು. ಬ್ಯಾಗಿನಿಂದ ಬಂದದ್ದು ಯಾವುದೂ ವಾಪಸು ಬ್ಯಾಗಿಗೆ ಹಿಡಿಯುತ್ತಿರಲಿಲ್ಲ. ಅವಳನ್ನು ಕಂಡು ದಡಬಡನೆ ಎದ್ದರು.

"ಏನಾಯ್ತೇ?"

"ಸಿಕ್ತು. ಸೋಮವಾರದಿಂದ ಬರೋಕೆ ಹೇಳಿದ್ರು."

ಗುಮಾಸ್ತರಿಗೆ ಹೋದ ಜೀವ ಬಂದಂತಾಯಿತು. ಕಣ್ಣಲ್ಲಿ ನೀರೇ ಬಂತು. "ನನ್ನಿಂದ ಎಲ್ಲಾ ಹಾಳಾಯ್ತು ಅಂದ್ಕೊಂಡಿದ್ದೆ ಕಣೇ. ತುಂಬಾ ಪ್ರಶ್ನೆ ಕೇಳಿದ್ರಾ?"

"ಇಲ್ಲ. ಚಿತ್ರಗಳನ್ನ ನೋಡಿದ್ರು, ಚೆನ್ನಾಗಿದೆ ಅಂದ್ರು. ಆಮೇಲೆ ಹೆಡ್ ಮಿಸ್ಟ್ರೆಸ್ ಕಿಟಕಿ ಹತ್ರ ಕರೆದು ಒಂದೇ ಒಂದು ಪ್ರಶ್ನೆ ಕೇಳಿದ್ರು."

"ಏನಂತ?"

"ಗೇಟಿನ ಮುಂದೆ ಅಂಗಡಿ ಹರಡಿಕೊಂಡು ಕೂತಿದ್ದಾರಲ್ಲ, ಅವರು ನಿಮಗೆ ಪರಿಚಯಾನಾ ಅಂತ."

"ನೀನೇನಂದೆ?"

"ಕೆಲಸ ಬೇಕಿತ್ತಲ್ಲ ರೀ," ಎಂದಳು ಹೆಂಡತಿ, ತುಟಿ ಹೆಚ್ಚು ಅಲುಗದ ಹಾಗೆ. "ಈಗ ಬಸ್ ಸ್ಟಾಪಿನ ತನಕ ಸ್ವಲ್ಪ ದೂರದಲ್ಲಿ ಬನ್ನಿ. ಅವರಿನ್ನೂ ಕಿಟಕಿ ಹತ್ರಾನೇ ನಿಂತಿದ್ದಾರೆ."