ಗಾಡಿ ಎತ್ತಿದವರು ಯಾರು?

ಡೈರಿ ಬರೆಯುವವರ ನೆನಪು ಚುರುಕು ಎಂದು ಲೋಕ ನಂಬಿದೆ. ನನ್ನ ಅನುಭವ ಬೇರೆ. ನಡೆದದ್ದನ್ನು ಅದೇ ದಿನ ಬರೆದಿಡುತ್ತೇನೆ, ನಿಜ. ಆದರೆ ಬರೆಯುವಾಗಲೇ ನನ್ನನ್ನು ಒಂದಿಷ್ಟು ಧೈರ್ಯಸ್ಥನನ್ನಾಗಿ ಮಾಡಿಕೊಂಡಿರುತ್ತೇನೆ. ವರ್ಷ ಕಳೆದು ಓದಿದರೆ ಆ ಧೈರ್ಯಸ್ಥ ಯಾರೆಂದು ನನಗೇ ಗುರುತು ಸಿಗುವುದಿಲ್ಲ. ಆದ್ದರಿಂದ ಈ ಬೈಕಿನ ಪ್ರಸಂಗದಲ್ಲಿ ನಾನು ಎಲ್ಲಾದರೂ ಗಂಭೀರವಾಗಿ ನಡೆದುಕೊಂಡಂತೆ ಕಂಡರೆ, ಅಷ್ಟನ್ನು ಕಳೆದು ಓದಿಕೊಳ್ಳಿ.

ಶಿಡ್ಲಘಟ್ಟದಲ್ಲಿ ನಮ್ಮದೊಂದು ಸಣ್ಣ ಬೈಕು. ಕಾಲೇಜಿನಲ್ಲಿ ಕನ್ನಡ ಹೇಳಿಕೊಡುವ ನಾನು ನಡೆದೇ ಹೋಗುವುದರಿಂದ ಅದು ಹೆಚ್ಚಾಗಿ ನನ್ನ ಬಾಮೈದ ಮಂಜುವಿನ ಕೈಯಲ್ಲಿರುತ್ತದೆ. ಬೆಳಿಗ್ಗೆ ತನ್ನ ಅಕ್ಕನನ್ನು, ಅಂದರೆ ನನ್ನ ಹೆಂಡತಿ ಶಾರದೆಯನ್ನು, ಅವಳು ಪಾಠ ಮಾಡುವ ಹಳ್ಳಿಶಾಲೆಗೆ ಬಿಟ್ಟು ಅವನು ರೇಷ್ಮೆಗೂಡಿನ ಮಾರುಕಟ್ಟೆಗೆ ಕೆಲಸಕ್ಕೆ ಹೋಗುತ್ತಾನೆ. ಎತ್ತಿನ ಹಾಗೆ ತಲೆ ತಗ್ಗಿಸಿ ದುಡಿಯುವ ಗಾಡಿ. ಅದು ತಲೆ ಎತ್ತೀತೆಂದು ನಾನು ಕನಸಿನಲ್ಲೂ ನೆನೆದಿರಲಿಲ್ಲ.

ಒಂದು ಸಂಜೆ ಪಕ್ಕದ ಮನೆಯ ಗಂಗಪ್ಪನವರು ಕಾಂಪೌಂಡಿನ ಮೇಲಿಂದ ಕೂಗಿದರು: “ಏಮಿ ಸಾರ್ ಇದು! ಚಿಂತಾಮಣಿ ರೋಡಲ್ಲಿ ನಿಮ್ ಗಾಡಿ ಎತ್ತಿದ್ರು! ಕಣ್ಣಾರೆ ನೋಡ್ದೆ!”

ನಮ್ಮ ಕಡೆ ಗಾಡಿ ಎತ್ತುವುದು ಎಂದರೆ ಕದಿಯುವುದು. ನಿಲ್ಲಿಸಬಾರದ ಕಡೆ ನಿಲ್ಲಿಸಿದಾಗ ಪೊಲೀಸರು ಹೊತ್ತೊಯ್ಯುವುದೂ ಎತ್ತುವುದೇ. ಹಳಗನ್ನಡದ ಒಂದೊಂದು ಪದಕ್ಕೂ ಏಳೆಂಟು ಅರ್ಥ ಹೇಳಿ ವಿದ್ಯಾರ್ಥಿಗಳನ್ನು ಹೆದರಿಸುವ ನನಗೆ, ಈ ಪದಕ್ಕೆ ಮೂರನೆಯ ಅರ್ಥವಿರುವುದು ಗೊತ್ತಿರಲಿಲ್ಲ.

“ಎಷ್ಟು ಜನ ಇದ್ರು?” ಎಂದೆ.

“ಒಬ್ನೇ ಸಾರ್! ಹೆಲ್ಮೆಟ್ಟಲ್ಲಿ ಮುಖ ಕಾಣ್ಲಿಲ್ಲ. ಏನ್ ಧೈರ್ಯ ಅಂತೀರಾ! ನೋಡಕ್ಕೆ ಎರಡು ಕಣ್ಣು ಸಾಲ್ದು.”

ಕಳ್ಳನನ್ನು ಇಷ್ಟೊಂದು ಮೆಚ್ಚುವ ನೆರೆಯವರನ್ನು ಮನಸ್ಸಿನಲ್ಲೇ ಬೈಯುತ್ತ ಠಾಣೆಯ ಕಡೆ ಹೊರಟೆ. ಡೈರಿಯಲ್ಲಿ ‘ಧಾವಿಸಿದೆ’ ಎಂದಿದೆ. ಮಂಡಿನೋವಿನ ಮನುಷ್ಯ ಧಾವಿಸುವುದುಂಟೆ? ನಡೆದಿರಬೇಕು.

ಠಾಣೆಗೂ ಮುಂಚೆ ಬಾಬಾಜಾನನ ಗ್ಯಾರೇಜು ಸಿಗುತ್ತದೆ. ಅಲ್ಲಿ ನನ್ನ ಗಾಡಿ ಮುಂದಿನ ಚಕ್ರವನ್ನು ಗಾಳಿಯಲ್ಲಿಟ್ಟುಕೊಂಡು ಇಟ್ಟಿಗೆಗಳ ಮೇಲೆ ನಿಂತಿತ್ತು!

“ಸಿಕ್ತು!” ಎಂದೆ.

“ಸಿಗ್ದೆ ಎಲ್ಲೋಗ್ತದೆ ಸಾರ್? ಮಂಜು ಆಗ್ಲೇ ತಂದು ಬಿಟ್ಟ, ಈಗ ತಾನೆ ಟೀಗೆ ಹೋದ. ಭಾವನ ಗಾಡಿ, ಹ್ಯಾಂಡಲ್ ಅದುರ್ತದೆ ಅಂದ.” ಆಮೇಲೆ ಬಾಬಾಜಾನ್ ದನಿ ತಗ್ಗಿಸಿದ. ಅವನು ದನಿ ತಗ್ಗಿಸಿದರೆ ಎದುರಿನ ಬೇಕರಿಯವರಿಗೆ ಮಾತ್ರ ಕೇಳುತ್ತದೆ. “ನಿಮಗ್ ಹೇಳೋಷ್ಟು ದೊಡ್ಡೋನಲ್ಲ ನಾನು. ಆದ್ರೂ ಈ ವಯಸ್ಸಲ್ಲಿ ವೀಲಿಂಗ್ ಯಾಕೆ ಸಾರ್?”

“ಏನದು?”

“ಮುಂದಿನ ಚಕ್ರ ಎತ್ತೋದು ಸಾರ್! ನಂಗೇನ್ ಗೊತ್ತಾಗಲ್ವಾ? ಹ್ಯಾಂಡಲ್ ತಿರುಗಿಸೋ ಕೋನ್ ಸೆಟ್ ಹೋಗಿದೆ. ಫೋರ್ಕಿನ ಸೀಲ್ ಸೋರಿ ಎಣ್ಣೆ ಮುಂದಿನ ಬ್ರೇಕಿಗಿಳಿದಿದೆ. ಕ್ಲಚ್ ಪ್ಲೇಟು ಸುಟ್ಟ ಹಪ್ಪಳ. ಚೈನು ನೋಡಿ, ಒಣಹಾಕಿದ ಪಂಚೆ ಹಂಗೆ ಜೋತಾಡ್ತಿದೆ. ನಂಬರ್ ಪ್ಲೇಟು ರೋಡಿಗೆ ಉಜ್ಜಿ ಅರ್ಧ ಸವೆದಿದೆ. ಇದು ನೂರು ಸಿಸಿ ಗಾಡಿ ಸಾರ್, ಕುದುರೆ ಅಲ್ಲ!”

ಮೂರನೆಯ ಅರ್ಥ ಆಗ ಹೊಳೆಯಿತು. ಇಂಥ ಸಾಹಸ ನನ್ನಿಂದ ಸಾಧ್ಯವೆಂದು ಲೋಕದಲ್ಲಿ ಒಬ್ಬನಾದರೂ ನಂಬಿದನಲ್ಲ ಎಂದು ಕ್ಷಣಕಾಲ ಎದೆ ಉಬ್ಬಿದ್ದೂ ಹೌದು. ಅಷ್ಟರಲ್ಲಿ ಮಂಜು ಟೀ ಲೋಟ ಹಿಡಿದು ಬಂದ. ನನ್ನನ್ನು ಕಂಡು ಅಲ್ಲೇ ನಿಂತ.

“ಎರಡೇ ಸೆಕೆಂಡು ಭಾವ, ರೀಲ್ಸಿಗೆ. ಗಾಡಿಗೇನೂ ಆಗಲ್ಲ. ಚಕ್ರ ಗಾಳೀಲಿ ತಾನೆ ಇರುತ್ತೆ?”

“ಗಾಳೀಲೇ ಇದ್ದು ಬಿಡ್ತದೇನಪ್ಪ? ಇಳಿಯಲ್ವಾ?” ಎಂದ ಬಾಬಾಜಾನ್. “ಮುಂದಿನ ಬ್ರೇಕ್ ಹಿಡಿ, ನೋಡಣ.”

ಮಂಜು ಹಿಡಿದ. ಬಾಬಾಜಾನ್ ಚಕ್ರವನ್ನು ಬೆರಳಿನಿಂದ ತಳ್ಳಿದ. ಅದು ರೇಷ್ಮೆ ನೂಲು ತೆಗೆಯುವ ರಾಟೆಯಂತೆ ಸರಾಗವಾಗಿ ತಿರುಗಿತು. ಮಂಜು ಲೋಟ ಕೆಳಗಿಟ್ಟು ಎರಡೂ ಕೈಯಲ್ಲಿ ಅದುಮಿದ. ಆಗಲೂ ತಿರುಗಿತು.

“ಬೆಳಿಗ್ಗೆ ಅಕ್ಕನ್ನ ಇದರಲ್ಲೇ ಕೂರಿಸ್ಕೊಂಡ್ ಹೋದೆ ಭಾವ,” ಎಂದ.

ನಾನು ಗಂಟಲಿನವರೆಗೆ ತಂದುಕೊಂಡಿದ್ದ ಬುದ್ಧಿವಾದಕ್ಕೆ ಅಲ್ಲಿ ಕೆಲಸ ಉಳಿದಿರಲಿಲ್ಲ.

ಮನೆಯಲ್ಲಿ ಎಲ್ಲ ಕೇಳಿಸಿಕೊಂಡ ಶಾರದೆ ಕೂಗಾಡಲಿಲ್ಲ. “ನಾಳೆಯಿಂದ ನಾನು ಬಸ್ಸಲ್ಲಿ ಹೋಗ್ತೀನಿ ಕಣಪ್ಪ. ನಿನ್ನ ಹಿಂದೆ ಕೂರಬೇಕು ಅಂತ ನಂಗೆ ಯಾವತ್ತು ಅನ್ಸುತ್ತೋ ಅವತ್ತು ಕೂರ್ತೀನಿ,” ಎಂದಳು ಅಷ್ಟೆ. ಅದಕ್ಕಿಂತ ಎರಡು ಏಟು ಬಿದ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ರಿಪೇರಿಯಾದ ಗಾಡಿಯನ್ನು ಅವನು ದಿನವೂ ಒರೆಸಿ ಬಾಗಿಲಲ್ಲಿ ನಿಲ್ಲಿಸುತ್ತಿದ್ದ. ಅವಳು ಚೀಲ ಹಿಡಿದು ಅದರ ಪಕ್ಕದಲ್ಲೇ ದಾಟಿ ಬಸ್ಸಿಗೆ ಹೋಗುತ್ತಿದ್ದಳು. ಮಂಜು ತನ್ನ ರೀಲ್ಸ್ ವಿಡಿಯೊಗಳನ್ನೆಲ್ಲ ಅಳಿಸಿದ. ಮಾರುಕಟ್ಟೆಯಲ್ಲಿ ಗೂಡು ತಂದವರನ್ನೂ ಬಿಡದೆ ಕೋನ್ ಸೆಟ್ಟಿನ ಮಹಿಮೆ ಸಾರತೊಡಗಿದ. ಅವನನ್ನು ಕಂಡರೆ ಜನ ದಾರಿ ಬದಲಿಸುವಂತಾಯಿತು. ಕೊನೆಗೊಂದು ಸೋಮವಾರ ಶಾರದೆ ಸೆರಗು ಸಿಕ್ಕಿಸಿಕೊಂಡು, ಹೆಲ್ಮೆಟ್ ಹಾಕಿಕೊಂಡು ಹಿಂದೆ ಕೂತಳು. ಮಂಜು ಎಷ್ಟು ನಿಧಾನವಾಗಿ ಹೊರಟನೆಂದರೆ, ಹಾಲಿಗೆ ನಡೆದು ಹೊರಟಿದ್ದ ಗಂಗಪ್ಪನವರು ಅವರನ್ನು ಹಿಂದೆ ಹಾಕಿದರು.

ಕಥೆ ಇಲ್ಲಿಗೇ ಮುಗಿದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಅದೇ ವಾರದ ಭಾನುವಾರ ರಾಗಿ ಹಿಟ್ಟು ಮಾಡಿಸಲು ಮೂಟೆಯನ್ನು ಗಾಡಿಯ ಹಿಂದೆ ಕಟ್ಟಿ ನಾನೇ ಹೊರಟೆ. ನಮ್ಮ ಗೇಟಿನ ಮುಂದೆ ಸಣ್ಣ ಏರು. ಹಳೇ ಕ್ಲಚ್ಚು ಸುಟ್ಟ ಹಪ್ಪಳವಾಗಿದ್ದ ಕಾಲದ ಅಭ್ಯಾಸದಂತೆ ಎಕ್ಸಿಲರೇಟರ್ ತಿರುವಿ ಗಾಡಿಯನ್ನು ಚೆನ್ನಾಗಿ ರೇಗಿಸಿ ಕ್ಲಚ್ಚನ್ನು ಥಟ್ಟನೆ ಬಿಟ್ಟೆ. ಹೊಸ ಕ್ಲಚ್ಚು ಹಿಡಿಯಿತು, ಮೂಟೆ ಹಿಂದಕ್ಕೆಳೆಯಿತು, ನನ್ನ ಮುಂದೆ ರಸ್ತೆ ಇರಬೇಕಾದ ಜಾಗದಲ್ಲಿ ಆಕಾಶ ಕಂಡಿತು.

“ಸಾರೇ ಗಾಡಿ ಎತ್ತಿದ್ರು!” ಎಂದು ಗಂಗಪ್ಪನವರು ಬೀದಿಗೆಲ್ಲ ಕೇಳುವಂತೆ ಕೂಗಿದರು.

ಮಂಜು ಓಡಿ ಬಂದು ಹ್ಯಾಂಡಲ್ ಹಿಡಿದ. “ಕೋನ್ ಸೆಟ್ ಹೊಸದು ಭಾವ,” ಎಂದ, ಬಹಳ ನೊಂದು.

ಚಕ್ರ ಒಂದು ಗೇಣು ಎದ್ದಿತ್ತೆಂದು ಡೈರಿಯಲ್ಲಿದೆ. ನಾಲ್ಕು ಬೆರಳೂ ಇರಲಿಲ್ಲ ಎನ್ನುತ್ತಾಳೆ ಶಾರದೆ. ನೆನಪಿನ ವಿಷಯದಲ್ಲಿ ನಾನು ವಾದಿಸುವುದಿಲ್ಲ. ಗಾಡಿಯ ಕೀ ಈಗ ಅವಳ ಹತ್ತಿರವೇ ಇದೆ. ಮಂಜು ಕೇಳಿದರೆ ಕೊಡುತ್ತಾಳೆ. ನಾನು ಕೇಳಿದರೆ, “ಎಲ್ಲಿಗೆ?” ಎನ್ನುತ್ತಾಳೆ.